ಬೋಟು ಕಟ್ಟುವ ತಿಂಗಳು

ಬಂದರಿನಲ್ಲಿ ಒಣಮೀನಿನ ಗೋದಾಮಿನ ಮೇಲೆ ನಮ್ಮ ಆಫೀಸು.
ಮೂರು ಕುರ್ಚಿ, ಒಂದು ಫ್ಯಾನು,
ಮೇಜಿಲ್ಲದ್ದಕ್ಕೆ ಕಾಂಡೋಮಿನ ರಟ್ಟಿನ ಪೆಟ್ಟಿಗೆಗಳ ಮೇಲೆ
ನನ್ನ ಲ್ಯಾಪ್‌ಟಾಪು.
ಅದರೊಳಗೊಂದು ಊರು: ನಾಲ್ಕು ಚೌಕ, ಕೆಲವು ಬಾಣ.
ಸೋಂಕಿಲ್ಲದವರು, ಸೋಂಕಿರುವವರು, ಮಾತ್ರೆ ನುಂಗುವವರು.
ಕೊನೆಯ ಚೌಕಕ್ಕೆ ಬಾಣ ಬರುತ್ತದೆ, ಹೊರಡುವುದಿಲ್ಲ.

ಆ ಊರಲ್ಲಿ ಮಳೆಯಿಲ್ಲ, ಹಬ್ಬವಿಲ್ಲ, ಪೊಲೀಸರಿಲ್ಲ.
ಪ್ರತಿ ಹೆಂಗಸಿಗೂ ವಾರಕ್ಕೆ
ಏಳು ಪಾಯಿಂಟ್ ನಾಲ್ಕು ಗಿರಾಕಿ.

ವಾರಿಜಕ್ಕ ಮೆಟ್ಟಿಲು ಹತ್ತಿ ಬಂದು, ಕೊಡೆ ಕೊಡವಿ,
ಪರದೆಗೆ ಕಣ್ಣು ಕಿರಿದು ಮಾಡಿ ಕೇಳಿದರು:
"ಆ ಪಾಯಿಂಟ್ ನಾಲ್ಕು ಯಾರು ಮಾರಾಯ್ರೆ?
ಬಾಕಿ ಇಟ್ಟು ಹೋದವನಾ?"

ನಾನು ನಗಲಿಲ್ಲ. ಸರಾಸರಿ, ಅಂದೆ.
ಅವರು ಆ ಪದವನ್ನು ಎಲೆಯಡಿಕೆಯ ಜೊತೆಗಿಟ್ಟು
ಸ್ವಲ್ಪ ಹೊತ್ತು ಜಗಿದರು.
"ಯಾವ ತಿಂಗಳಿನ ಲೆಕ್ಕ ಇದು?"
ಎಲ್ಲ ತಿಂಗಳಿನದ್ದು.
"ಹಾಗಾದ್ರೆ ತಪ್ಪು."

ಜೂನ್ ಒಂದಕ್ಕೆ ದಕ್ಕೆಯಲ್ಲಿ ಬೋಟು ಕಟ್ಟುತ್ತಾರೆ,
ಮೈಗೆ ಮೈ ತಾಗಿಸಿ, ಸಾಲುಸಾಲು.
ಖಲಾಸಿಗಳು ಶ್ರೀಕಾಕುಳಂ ಕಡೆಯ ರೈಲು ಹಿಡಿಯುತ್ತಾರೆ.
ಐಸ್ ಪ್ಲಾಂಟಿನ ಯಂತ್ರ ಕೂಡ ಬಾಯಿ ಮುಚ್ಚುತ್ತದೆ
ಅರವತ್ತೊಂದು ದಿನ.

ಒಳ್ಳೆಯದೇ ಅಲ್ಲವಾ, ಅಂದೆ; ಗಿರಾಕಿ ಕಡಿಮೆ, ಅಪಾಯ ಕಡಿಮೆ.
ಗೆರೆ ಇಳಿಯುತ್ತದೆ.

"ನಿಮ್ಮ ಗೆರೆಗೆ ಹಸಿವು ಉಂಟಾ?
ಹತ್ತು ಜನ ಬರುವಾಗ, ಹಾಕುದಿಲ್ಲವಾ, ನಡಿ,
ಅಂತ ಹೇಳ್ಲಿಕ್ಕೆ ಆಗ್ತದೆ.
ನಾಲ್ಕು ದಿನಕ್ಕೆ ಒಬ್ಬ ಬಂದು, ಅವನೂ,
ಅದು ಬೇಡ, ನೂರು ಜಾಸ್ತಿ ಕೊಡ್ತೇನೆ ಅಂದ್ರೆ,
ಮನೆಯಲ್ಲಿ ಅಕ್ಕಿ ಡಬ್ಬದ ತಳ ಕಾಣ್ತಾ ಉಂಟು ಅಂದ್ರೆ..."
ಮುಗಿಸಲಿಲ್ಲ. ಎದ್ದು ಕಿಟಕಿಯಾಚೆ ಉಗುಳಿ ಬಂದರು.

ಆ ರಾತ್ರಿ ಸಮೀಕರಣಕ್ಕೆ ಒಂದು ಮಳೆಗಾಲ ಸೇರಿಸಿದೆ.
ಗಿರಾಕಿ ಇಳಿಯುವಲ್ಲೇ
ಬೇಡವೆನ್ನುವ ಧೈರ್ಯವೂ ಇಳಿಯುತ್ತದೆ.
ಗುಣಿಸಿ ನೋಡಿದರೆ ಜುಲೈಯಲ್ಲಿ ಸಣ್ಣದೊಂದು ಗುಡ್ಡ.
ನಿನ್ನೆಯವರೆಗೆ ಅಲ್ಲಿ ಬಯಲಿತ್ತು.
ಗ್ರೀಕ್ ಅಕ್ಷರಗಳೆಲ್ಲ ಖರ್ಚಾಗಿದ್ದವು;
ಹೊಸ ಚರಕ್ಕೆ 'ವಾ' ಎಂದು ಹೆಸರಿಟ್ಟೆ.
ಡಾಕ್ಟರ್ ಫುರ್ಟಾಡೊ ಅದರ ಕೆಳಗೆ ಕೆಂಪು ಗೆರೆ ಎಳೆದು
ಆಕರ ಯಾವುದು, ಎಲ್ಲಿ ಪ್ರಕಟವಾಗಿದೆ, ಎಂದು ಕೇಳಿದರು.
ಖಾಸಗಿ ಮಾತುಕತೆ, ಎಂದು ಬರೆದೆ.

ಹದಿನೈದು ವರ್ಷದಲ್ಲಿ ತಪ್ಪಿಸಿದ ಸೋಂಕು: ನೂರ ಹನ್ನೆರಡು.
ಕಡಿಮೆಯೆಂದರೆ ಐವತ್ತೆಂಟು, ಹೆಚ್ಚೆಂದರೆ ನೂರ ತೊಂಬತ್ತು.
"ಯಾರ್ಯಾರು?" ಅಂದರು ವಾರಿಜಕ್ಕ.
ಹೇಳಲಾಗುವುದಿಲ್ಲ ಅಕ್ಕ, ಅವರಿಗೇ ಗೊತ್ತಿಲ್ಲ.
ಏನೂ ಆಗದಿದ್ದ ದಿನ ಯಾರಿಗೆ ನೆನಪಿರುತ್ತದೆ?
ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹತ್ತಿದರು,
ಬಂಗುಡೆಗೆ ಚೌಕಾಸಿ ಮಾಡಿದರು,
ಮಗಳ ಫೀಸು ಕಟ್ಟಿ ರಸೀದಿಯನ್ನು ರವಿಕೆಯೊಳಗಿಟ್ಟರು.

ಅವರು ಬೆರಳು ಮಡಚುತ್ತ ಕೂತರು.
"ಸುಗಂಧಿ ಇದ್ದಾಳಾ ಇದರಲ್ಲಿ?"
ಯಾವಾಗಿನವರು?
"ಎರಡು ಸಾವಿರದ ಎರಡು. ದೊಡ್ಡಾಸ್ಪತ್ರೆಯಲ್ಲಿ,
ಬಾಗಿಲ ಹತ್ತಿರದ ಮಂಚ. ಯಾರೂ ಮುಟ್ಲಿಲ್ಲ, ಕಡೆಗೆ ನಾನೇ ಮೀಸಿದೆ."

ನನ್ನ ಲೆಕ್ಕ ಶುರುವಾಗುವುದು ಎರಡು ಸಾವಿರದ ನಾಲ್ಕಕ್ಕೆ.
ಆ ಮೊದಲ ಕ್ಷಣದಲ್ಲಿ ಯಾವ ಚೌಕದಲ್ಲಿ ಎಷ್ಟು ಜನ
ಎಂದು ನಾವೇ ತುಂಬಿಕೊಡಬೇಕು.
ಕೊನೆಯದಕ್ಕೆ, ಎಲ್ಲರೂ ಹಾಕುವಂತೆ, ಸೊನ್ನೆ ಹಾಕಿದ್ದೆ.

ಅದನ್ನು ಅಳಿಸಿ ಒಂದು ಎಂದು ಒತ್ತಿದೆ. ಮತ್ತೆ ಓಡಿಸಿದೆ.
ಅಲ್ಲಿಂದ ಬಾಣವೇ ಹೊರಡುವುದಿಲ್ಲವಲ್ಲ,
ಉತ್ತರ ಕದಲಲಿಲ್ಲ. ನೂರ ಹನ್ನೆರಡು.
ಒಂದನ್ನು ಹಾಗೇ ಬಿಟ್ಟೆ.

ವಾರಿಜಕ್ಕ ಸೆರಗು ಸಿಕ್ಕಿಸಿ ನನ್ನ ಮೇಜಿನಿಂದ
ಒಂದು ಪೆಟ್ಟಿಗೆ ಎಳೆದರು; ಗುಡ್ಡದ ಸಮೇತ
ಲ್ಯಾಪ್‌ಟಾಪು ವಾಲಿತು.
"ಇವತ್ತು ಎಷ್ಟು ತಾರೀಕು?"
ಜುಲೈ ಹನ್ನೊಂದು.
"ಹಾಗಾದ್ರೆ ಇನ್ನೊಂದು ಕೊಡಿ."